ಒಳಗಿಂದ ಬಡಿದರೆ

ಪೊಲೀಸಕ್ಕನಿಗೂ ಪೊಲೀಸರಿಗೂ ಯಾವ ನಂಟೂ ಇರಲಿಲ್ಲ. ಅವಳು ಬಸ್ ಡಿಪೋದಲ್ಲಿ ಬಸ್ಸು ತೊಳೆಯುವವಳು. ಎದುರಿಗೆ ಬಂದವರನ್ನೆಲ್ಲ ಅಡಿಯಿಂದ ಮುಡಿವರೆಗೆ ನೋಡಿ, "ಯಾರು? ಏನು ಬೇಕು? ಯಾರು ಕಳಿಸಿದ್ದು?" ಅಂತ ಕೇಳುತ್ತಿದ್ದಳಲ್ಲ, ಅದಕ್ಕೇ ಡಿಪೋದವರು ಆ ಹೆಸರು ಕಟ್ಟಿದ್ದರು. ಯಾರಾದರೂ ಸುಮ್ಮನೆ ನಕ್ಕರೂ ಸಾಕು, ಈ ನಗುವಿಗೆ ಬಾಡಿಗೆ ಏನು ಕೇಳುತ್ತಾನೋ ಅಂತ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಅವಳ ಗಂಡ, ಅದೇ ಡಿಪೋದಲ್ಲಿ ಬಸ್ಸು ಓಡಿಸಿ ಮಂಡಿ ಸವೆಸಿಕೊಂಡು ಮನೆಯಲ್ಲಿ ಕೂತ ಡ್ರೈವರಪ್ಪ, "ಮದುವೆ ದಿನ ನನ್ನ ಹತ್ರಾನೇ ಲೈಸೆನ್ಸ್ ತೋರಿಸು ಅಂದೋಳಪ್ಪಾ ಇವಳು" ಅಂತ ಬಂದವರ ಮುಂದೆಲ್ಲ ಕಥೆ ಕಟ್ಟಿ ಹಂಗಿಸುತ್ತಿದ್ದ.

ಅನುಮಾನ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಮಗಳು ಹುಟ್ಟಿದ ಮೇಲೆ ಕಲಿತದ್ದು.

ಮಗಳನ್ನು ಎಲ್ಲರೂ ಪುಟ್ಟಿ ಅನ್ನುತ್ತಿದ್ದರು. ಪುಟ್ಟಿಗೆ ಮೂವತ್ತೈದು ದಾಟಿತ್ತು. ಅಪ್ಪನಿಗಿಂತ ಎತ್ತರ, ಅಮ್ಮನ ಎರಡರಷ್ಟು ಅಗಲ, ಸೊಂಟ ಮುಟ್ಟುವ ಜಡೆ. ಬಾಯಲ್ಲಿ ಮಾತು ಕಮ್ಮಿ. ಅಮ್ಮ, ಅಪ್ಪ, ಬೇಡ, ತೆಗಿ, ಇನ್ನೂ. ಇಷ್ಟರಲ್ಲೇ ಅವಳ ಸಂಸಾರ ನಡೆಯುತ್ತಿತ್ತು. "ಬುದ್ಧಿ ಬೆಳೆಯಲ್ಲ" ಅಂತ ಡಾಕ್ಟರು ಹೇಳಿದ್ದರು. ಪುಟ್ಟಿಯ ಎದುರಿಗೇ ಹೇಳಿದ್ದರು, ಪುಟ್ಟಿಯ ಮುಖ ನೋಡದೆ. ಶಾಲೆಯವರು ವಾರದೊಳಗೆ ವಾಪಸ್ಸು ಕಳಿಸಿದರು. ಗಂಡನ ಅಕ್ಕ "ಹೆತ್ತೋರಿಗೆ ಹೆಗ್ಗಣ ಮುದ್ದು ಬಿಡು" ಅಂದಳು. ಎದುರುಮನೆಯ ದೊಡ್ಡ ಮನುಷ್ಯನೊಬ್ಬ, ಗೊಂಬೆ ಕೊಡ್ತೀನಿ ಬಾ ಅಂತ ಹುಡುಗಿಯ ಕೈ ಹಿಡಿದು ಒಳಕ್ಕೆ ಎಳೆದ. ಅವತ್ತು ಪೊಲೀಸಕ್ಕ ಒಲೆ ಮೇಲೆ ಕುದಿಯುತ್ತಿದ್ದ ಪಾತ್ರೆಯನ್ನೇ ಎತ್ತಿಕೊಂಡು ಓಡಿದ್ದಳು. ಅವನು ಹುಡುಗಿಯನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡ. ಬೀದಿಯವರು, "ಅಂಥ ಮಗೂನ ಹೊರಗೆ ಬಿಡೋದೇ ತಪ್ಪು" ಅಂತ ಇವಳಿಗೇ ಬುದ್ಧಿ ಹೇಳಿದರು.

ಅಲ್ಲಿಂದ ಶುರು. ಮಗಳು ಕಣ್ಣಳತೆ ದಾಟಲಿಲ್ಲ. ಅಮ್ಮ ಡಿಪೋಗೆ ಹೋದರೆ ಮಗಳೂ ಡಿಪೋಗೆ.

ಬಸ್ಸು ತೊಳೆಯೋದು ದೂರದಿಂದ ನೋಡಿದವರಿಗೆ ನೀರಾಟ. ಮಾಡಿದವರಿಗೆ ಗೊತ್ತು. ಮಂಡಿಯವರೆಗೆ ರಬ್ಬರ್ ಬೂಟು, ಅದರೊಳಗೆ ಸದಾ ನೀರು, ಕಾಲ್ಬೆರಳ ಸಂದಿ ಸದಾ ಬಿಳಚಿಕೊಂಡು ಹುಣ್ಣು. ಸೋಪಿನ ಪುಡಿಗೆ ಅಂಗೈ ಒಡೆದು ಗೀರು ಗೀರು. ಉದ್ದ ಕೋಲಿನ ಬ್ರಷ್ಷು ಎತ್ತಿ ಎತ್ತಿ ಬಲಭುಜ ಕೆಳಗಿಳಿದು, ಪೊಲೀಸಕ್ಕ ನಡೆದರೆ ಒಂದು ಕಡೆ ವಾಲಿದ ಬಸ್ಸಿನ ಹಾಗೇ ಕಾಣುತ್ತಿದ್ದಳು. ಹೊರಗಡೆ ಅವಳು, ಒಳಗಡೆ ಮಗಳು. ಪೈಪಿನ ನೀರು ಒಳಗೆ ನುಗ್ಗಬಾರದು ಅಂತ ಕಿಟಕಿ ಬಾಗಿಲು ಎಲ್ಲ ಮುಚ್ಚಬೇಕು. ಮುಚ್ಚಿದ ಬಸ್ಸಿನೊಳಗೆ ಪುಟ್ಟಿ ಒಂದೊಂದೇ ಸೀಟು ಒರೆಸುತ್ತಾ ಬರುತ್ತಿದ್ದಳು. ಯಾರೋ ಕಾರಿದ್ದು, ಯಾರೋ ಉಗುಳಿದ್ದು, ಯಾರೋ ಸೀಟಿನಡಿ ಒರೆಸಿಟ್ಟ ಸಿಂಬಳ. ಎಲ್ಲ ಅವಳ ಬಟ್ಟೆಗೆ. ಇದಕ್ಕೆ ಕೂಲಿ ಇರಲಿಲ್ಲ. "ನಿನ್ನ ಜೊತೆ ಬರ್ತಾಳೆ, ಸುಮ್ನೆ ಕೂರೋಕಾಗಲ್ಲ, ಒರೆಸ್ತಾಳೆ. ಅದಕ್ಕೆ ಬುದ್ಧಿ ಇದ್ರೆ ತಾನೇ ಕೆಲಸಕ್ಕೆ ತಗೊಳ್ಳೋದು?" ಅಂದಿದ್ದ ಶೆಡ್ಡಿನ ಸೂಪರ್‌ವೈಸರ್. ಒರೆಸೋಕೆ ಬೇಕಾದಷ್ಟು ಬುದ್ಧಿ ಇದೆ, ಕೂಲಿ ತಗೊಳ್ಳೋಕೆ ಬೇಕಾದಷ್ಟು ಇಲ್ಲ. ಎಂಥ ಅಳತೆಗೋಲಪ್ಪಾ!

ತಾಯಿ ಮಗಳ ನಡುವೆ ಒಂದು ಗುಟ್ಟಿತ್ತು. ಹೊರಗೆ ತೊಳೆದು ಮುಗಿದ ಮೇಲೆ ಪೊಲೀಸಕ್ಕ ಕೊನೇ ಸೀಟಿನ ಕಿಟಕಿ ಕೆಳಗೆ, ತಗಡಿಗೆ, ಬ್ರಷ್ಷಿನ ಕೋಲಿನ ತುದಿಯಿಂದ ಎರಡು ಸಲ ಬಡಿಯುತ್ತಿದ್ದಳು. ಮುಗೀತಾ? ಒಳಗಿಂದ ಒಂದು ಸಲ ಬಡಿದರೆ, ಇನ್ನೂ ಇದೆ, ತಾಳು. ಎರಡು ಸಲ ಬಡಿದರೆ, ಮುಗೀತು. ಎರಡು ಬಂದ ಕೂಡಲೇ ಅಮ್ಮ ಹೊರಗಿನಿಂದ ಬಾಗಿಲು ತೆಗೆಯಬೇಕು. ಒಳಗಿನ ಹಿಡಿ ಯಾವ ಬಸ್ಸಿನಲ್ಲಿ ನೆಟ್ಟಗಿರುತ್ತದೆ? ತೆಗೆಯುವುದು ಅಮ್ಮನ ಕೆಲಸ. ಇಳಿಯುವುದು ಪುಟ್ಟಿಯ ಕೆಲಸ. ಅದು ಬಿಟ್ಟು ಯಾರು ಕರೆದರೂ, ಗದರಿದರೂ, ಮುದ್ದು ಮಾಡಿದರೂ ಪುಟ್ಟಿ ಬಸ್ಸಿನಿಂದ ಇಳಿಯುತ್ತಿರಲಿಲ್ಲ.

ಜೊತೆ ಕೆಲಸದವರಿಗೆ ಇದು ಗೊತ್ತಿರಲಿಲ್ಲ. ಬ್ರಷ್ಷಿನ ನೀರು ಕೊಡವೋಕೆ ಎಲ್ಲರೂ ಬಸ್ಸಿಗೆ ಬಡಿಯುವವರೇ, ಇವಳೂ ಬಡಿಯುತ್ತಾಳೆ ಅಂದುಕೊಂಡಿದ್ದರು. ಪೊಲೀಸಕ್ಕ ಹೇಳಲೂ ಇಲ್ಲ. ಹೇಳಿಕೊಟ್ಟರೆ? ಯಾವನಾದರೂ ಎರಡು ಸಲ ಬಡಿದು ಮಗಳನ್ನು ಇಳಿಸಿಕೊಂಡು ಹೋದರೆ? ಆ ಗುಟ್ಟನ್ನು ಸೊಂಟದಲ್ಲಿ ಬೀಗದಕೈ ಸಿಕ್ಕಿಸಿಕೊಂಡ ಹಾಗೆ ಇಟ್ಟುಕೊಂಡಿದ್ದಳು. ಅದೇ ಬೀಗ ಒಂದು ದಿನ ಮಗಳನ್ನೇ ಒಳಗೆ ಹಾಕುತ್ತೆ ಅಂತ ಅವಳಿಗೆ ಹೊಳೆದಿರಲಿಲ್ಲ.

ಆ ದಿನ ಬಂತು. ಸೋಪಿನ ನೀರಲ್ಲಿ ಪೊಲೀಸಕ್ಕನ ಬೂಟು ಜಾರಿತು. ತಲೆ ಕಾಂಕ್ರೀಟಿಗೆ ಬಡಿಯಿತು. ಪ್ರಜ್ಞೆ ತಪ್ಪಿದವಳನ್ನು ಅದೇ ಡಿಪೋದ ಜೀಪಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಪುಟ್ಟಿ ಬಸ್ಸಿನೊಳಗೆ ಉಳಿದಳು.

ಬಾಗಿಲು ತೆಗೆದು ಕರೆದರು. ಬರಲಿಲ್ಲ. ಸೂಪರ್‌ವೈಸರ್ ಬಂದು ತೋಳು ಹಿಡಿದು ಎಳೆದ. ಪುಟ್ಟಿ ಕಂಬಿ ತಬ್ಬಿಕೊಂಡಳು. "ಬೇಡ" ಅಂದಳು. ಬಸ್ಸು ರೂಟಿಗೆ ಹೋಗಬೇಕು, ಹೊತ್ತಾಗುತ್ತಿದೆ. ಅವನಿಗೆ ಪಿತ್ತ ನೆತ್ತಿಗೇರಿತು. ಕಿಟಕಿ ಸರಿಸಿ, ಪೈಪು ಒಳಗೆ ತೂರಿಸಿ, ನೀರು ಬಿಟ್ಟ. ದನಕ್ಕೆ ಬಿಟ್ಟ ಹಾಗೆ ಬಿಟ್ಟ. ಮುಖಕ್ಕೆ, ಎದೆಗೆ, ಜಡೆಗೆ. ಕೆಲವರು ನಕ್ಕರು ಕೂಡ. ಪುಟ್ಟಿ ಉಸಿರು ಕಟ್ಟಿ ಕೆಮ್ಮಿದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಅವನು ಒದ್ದೆ ಮಾಡಿದ ಸೀಟನ್ನು ಒರೆಸತೊಡಗಿದಳು. ಅವನು ಒದ್ದೆ ಮಾಡುತ್ತಾನೆ, ಇವಳು ಒರೆಸುತ್ತಾಳೆ. ಕೊನೆಗೆ ಅವನಿಗೇ ಸಾಕಾಗಿ, ಬೇರೆ ಬಸ್ಸು ಕಳಿಸಿದ.

ಸಂಜೆ ತಲೆಗೆ ಪಟ್ಟಿ ಕಟ್ಟಿಸಿಕೊಂಡು, ಬೇಡ ಬೇಡ ಅಂದರೂ ಕೇಳದೆ, ಪೊಲೀಸಕ್ಕ ಆಸ್ಪತ್ರೆಯಿಂದ ನೇರ ಶೆಡ್ಡಿಗೆ ಬಂದಳು. ಬಸ್ಸಿನ ಮೆಟ್ಟಿಲ ಮೇಲೆ ರೇಡಿಯೋ ಕೂತಿದ್ದಳು. ರೇಡಿಯೋ ಅಂದರೆ ಅವಳ ಜೊತೆ ಬಸ್ಸು ತೊಳೆಯುವ ಹೆಂಗಸು. ಒಂದು ಸಲ ಬಾಯಿ ತೆಗೆದರೆ ಕರೆಂಟು ಹೋದರೂ ನಿಲ್ಲದವಳು. ಅವತ್ತು ಬಾಯಿ ಮುಚ್ಚಿಕೊಂಡು, ಅರ್ಧ ಮೈ ಒದ್ದೆ ಮಾಡಿಕೊಂಡು ಕೂತಿದ್ದಳು.

"ನೀನ್ಯಾಕೆ ಇಲ್ಲಿ ಕೂತಿದೀಯ?" ಅಂತ ಪೊಲೀಸಕ್ಕ ಸಿಡಿದಳು. "ಯಾರು ಕೂರು ಅಂದಿದ್ದು? ಹೋಗು ಮನೆಗೆ."

"ಒಬ್ಳೇ ಇದ್ಳಲ್ಲಕ್ಕಾ..." ಅಂತ ಏನೋ ಹೇಳಹೋಗಿ, ರೇಡಿಯೋ ಎದ್ದು ಹೋದಳು.

ಪೊಲೀಸಕ್ಕ ತಗಡಿಗೆ ಎರಡು ಸಲ ಬಡಿದಳು. ತಡವಾಗಿ, ಒಳಗಿಂದ ಎರಡು ಬಂತು. ಪುಟ್ಟಿ ಇಳಿದಳು. ಮೈ ನಡುಗುತ್ತಿತ್ತು, ತುಟಿ ನೀಲಿಯಾಗಿತ್ತು. ಕೈಯಲ್ಲಿ ಒರೆಸುವ ಬಟ್ಟೆ ಹಿಂಡಿ, ನೀಟಾಗಿ ಮಡಚಿ ಹಿಡಿದಿದ್ದಳು.

"ನಾನು ಮೊದಲು ಹೋಗ್ತೀನಿ," ಅಂದ ಡ್ರೈವರಪ್ಪ ಮಾರನೇ ಸಂಜೆ. ಮಗಳನ್ನು ನೆಲದ ಮೇಲೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದ. ದಿನಾ ಅವನದೇ ಆ ಕೆಲಸ. ಕೈ ನಡುಗುತ್ತಿದ್ದರಿಂದ ಜಡೆ ಈಗೀಗ ಸೊಟ್ಟಗಾಗುತ್ತಿತ್ತು. "ಆಮೇಲೆ ನೀನು. ಆಮೇಲೆ?"

"ನಾನು ಸಾಯಲ್ಲ."

"ಹೂಂ, ಯಮ ಬಂದ್ರೆ ಅವನಿಗೂ ಯಾರು ಕಳಿಸಿದ್ದು ಅಂತ ಕೇಳಿ ಬಾಗಿಲಲ್ಲೇ ನಿಲ್ಲಿಸ್ತೀಯ. ಎಷ್ಟು ದಿನ ನಿಲ್ತಾನೆ ಅವನು? ನಿನ್ನೆ ಹೊಸ್ತಿಲವರೆಗೂ ಬಂದು ಹೋದ ತಾನೆ?"

ಅವಳು ತಲೆಯ ಪಟ್ಟಿ ಮುಟ್ಟಿಕೊಂಡಳು.

"ಒಂದು ಜಾಗ ನೋಡ್ಬೇಕು ಕಣೇ. ನಾವು ಬದುಕಿರೋವಾಗ್ಲೇ."

ನೋಡದೆ ಏನೂ ಇರಲಿಲ್ಲ. ಇಂಥವರನ್ನು ಇಟ್ಟುಕೊಳ್ಳುವ ಹೋಮ್‌ಗಳಿಗೆಲ್ಲ ಅಲೆದಿದ್ದರು. ಒಬ್ಬರು ವಯಸ್ಸಾಯಿತು ಅಂದರು. ಇನ್ನೊಬ್ಬರು ದಪ್ಪ ಇದಾಳೆ, ಎತ್ತೋಕೆ ನಮ್ಮಲ್ಲಿ ಜನ ಇಲ್ಲ ಅಂದರು. ಮತ್ತೊಬ್ಬರು ಇಲ್ಲಿ ಮಕ್ಕಳಿಗೆ ಮಾತ್ರ ಅಂದರು. ಮಕ್ಕಳು ದೊಡ್ಡವರಾದ ಮೇಲೆ ಎಲ್ಲಿ ಹೋಗ್ತಾರೆ ಸ್ವಾಮಿ ಅಂತ ಕೇಳಿದರೆ, ಅದು ನಮ್ಮ ವಿಭಾಗ ಅಲ್ಲ ಅಂದರು. ಉಳಿದದ್ದು ಒಂದೇ ಒಂದು. ಊರಾಚೆಯದು. ಅಲ್ಲಿಂದ ಒಬ್ಬ ಮನೆಗೇ ಬಂದ. ಇಸ್ತ್ರಿ ಮಾಡಿದ ಬಿಳಿ ಷರ್ಟು, ಬಿಳಿ ಪ್ಯಾಂಟು, ನಗುನಗುವ ಮುಖ.

"ನಿಮ್ಮ ನಂತರ ಏನು ಅನ್ನೋ ಚಿಂತೆ ನಮಗೆ ಬಿಟ್ಬಿಡಿ," ಅಂದ ಬಿಳಿ ಷರ್ಟು. "ಮುಂಚೇನೇ ಯೋಚನೆ ಮಾಡಿಡೋದು ಜಾಣತನ. ಒಂದು ಸಹಿ ಹಾಕಿದ್ರೆ ಆಯ್ತು, ಇವರ ಎಲ್ಲಾ ತೀರ್ಮಾನ ನಾವು ತಗೊಳ್ತೀವಿ. ಊಟ, ಬಟ್ಟೆ, ಔಷಧಿ, ಎಲ್ಲ. ಮೊದಲು ಮೂರು ತಿಂಗಳು ಮಾತ್ರ ನೀವು ನೋಡೋಕೆ ಬರಬಾರದು. ಹೊಂದಿಕೊಳ್ಳಬೇಕಲ್ಲ."

"ಯಾಕೆ ಬರಬಾರದು?"

"ನಿಮ್ಮನ್ನ ನೋಡಿದ್ರೆ ಅಳ್ತಾರೆ."

"ನೋಡದೇ ಇದ್ರೆ ಅಳಲ್ವಾ?"

ಬಿಳಿ ಷರ್ಟು ನಕ್ಕ. ಡ್ರೈವರಪ್ಪನೂ ಅವನ ಜೊತೆ ನಕ್ಕ. ಬಾಯಲ್ಲಿ ಬೆಲ್ಲ, ಕಂಕುಳಲ್ಲಿ ದೊಣ್ಣೆ ಅಂದುಕೊಂಡಳು ಪೊಲೀಸಕ್ಕ. ಅವನ ಕಂಕುಳ ಕಡೆ ನಿಜವಾಗಿಯೂ ಒಂದು ಸಲ ನೋಡಿದಳು. ಒಂದು ಬೆವರಿನ ಕಲೆಯೂ ಇರಲಿಲ್ಲ. ಹೊಲಸು ಎತ್ತುವ ಕೆಲಸ ಮಾಡುತ್ತೀನಿ ಅನ್ನುವವನ ಷರ್ಟು ಇಷ್ಟು ಬೆಳ್ಳಗೆ ಹೇಗಿದೆ?

"ಅಲ್ಲಿ ಕೋಣೆಗಳಿಗೆ ಚಿಲಕ ಒಳಗಡೆ ಇದೆಯೋ, ಹೊರಗಡೆಯೋ?"

"ಎಂಥ ಪ್ರಶ್ನೆ ಅಮ್ಮಾ ನಿಮ್ಮದು!" ಅಂದ ಅವನು.

ಅವನು ಹೋದ ಮೇಲೆ ಡ್ರೈವರಪ್ಪ ಸಿಟ್ಟಾದ. "ದೇವರಂಥ ಮನುಷ್ಯ ಮನೆ ಬಾಗಿಲಿಗೆ ಬಂದ್ರೆ ಕಳ್ಳನ ಹಾಗೆ ತನಿಖೆ ಮಾಡ್ತೀಯಲ್ಲೇ! ಇದೊಂದೂ ಕೈತಪ್ಪಿದ್ರೆ? ನಾವಿಬ್ರೂ ಮಣ್ಣಾದ್ಮೇಲೆ ಅವಳು ಯಾವ ಬಸ್ಸಲ್ಲಿ ಕೂತಿರ್ತಾಳೋ, ಯಾವನು ಪೈಪು ಬಿಡ್ತಾನೋ, ಅದು ಬೇಕಾ ನಿನಗೆ?"

ಆ ಮಾತು ತಾಗಿತು. ಆಸ್ಪತ್ರೆಯಿಂದ ಬಂದ ಮೇಲೆ ಅವಳ ಕಿವಿಯಲ್ಲಿ ಒಂದು ಗುಂಯ್ ಅನ್ನುವ ಸದ್ದು ಸೇರಿಕೊಂಡಿತ್ತು. ಎದ್ದು ನಿಂತರೆ ನೆಲ ವಾಲುತ್ತಿತ್ತು. ಗಂಡನಿಗೆ ಹೇಳಿರಲಿಲ್ಲ. ಗೋಡೆ ಹಿಡಿದು ನಿಂತು, "ಹೋಗಿ ನೋಡೋಣ" ಅಂದಳು.

ಪುಟ್ಟಿಗೆ ಬೇಕಾ ಬೇಡವಾ ಅಂತ ಬಿಳಿ ಷರ್ಟು ಕೇಳಲಿಲ್ಲ. ಡ್ರೈವರಪ್ಪ ಕೇಳಲಿಲ್ಲ. ಇಡೀ ಊರಿಗೆ ಪ್ರಶ್ನೆ ಹಾಕುವ ಪೊಲೀಸಕ್ಕನೂ ಕೇಳಲಿಲ್ಲ.

ಹೋಮ್‌ನ ಮುಂದಿನ ಹಜಾರ ಕನ್ನಡಿ ಹಾಗಿತ್ತು. ಪ್ಲಾಸ್ಟಿಕ್ ಹೂವು, ಗೋಡೆ ಮೇಲೆ ದೊಡ್ಡವರು ಬಂದು ಹೋದ ಫೋಟೋ. ಫಿನಾಯಿಲ್ ವಾಸನೆ ಮೂಗಿಗೆ ರಾಚುತ್ತಿತ್ತು. "ನೋಡೇ, ಎಷ್ಟು ಶುಭ್ರ," ಅಂದ ಡ್ರೈವರಪ್ಪ. ಅವಳು ಮೂಗು ಅರಳಿಸಿದಳು. ಇಷ್ಟೊಂದು ಫಿನಾಯಿಲ್ ಯಾವುದರ ಮೇಲೆ ಸುರಿದಿದ್ದಾರೆ?

ಅಲ್ಲಿ ಆಗಲೇ ಒಬ್ಬ ಮುದುಕ ತನ್ನ ಮಗನನ್ನು ಕರೆದುಕೊಂಡು ಬಂದು ಕೂತಿದ್ದ. ಮಗನಿಗೆ ಅರ್ಧ ತಲೆ ನೆರೆತಿತ್ತು. ಗಾಲಿಕುರ್ಚಿಯಲ್ಲಿ ಕುತ್ತಿಗೆ ಓರೆಯಾಗಿಸಿಕೊಂಡು, ಅಪ್ಪನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದ. ಮುದುಕ ಪೊಲೀಸಕ್ಕನ ಕಡೆ ನೋಡಿ ತಲೆ ತಗ್ಗಿಸಿದ. ಕಟುಕರ ಅಂಗಡಿ ಮುಂದೆ ಕುರಿ ಹಿಡಿದು ನಿಂತವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಒಳ ಹಜಾರದಲ್ಲಿ ಬೆಂಚುಗಳ ಮೇಲೆ ಸಾಲಾಗಿ ಕೂತಿದ್ದರು ಅಲ್ಲಿಯವರು. ಗಂಡಸು ಹೆಂಗಸು ಅಂತಿಲ್ಲ, ಎಲ್ಲರ ತಲೆ ಬೋಳು. ಎಲ್ಲರಿಗೂ ಒಂದೇ ಬಣ್ಣದ ಅಂಗಿ. ಯಾರೂ ಮಾತಾಡುತ್ತಿರಲಿಲ್ಲ.

"ಇದೇನು ಇಷ್ಟು ಸುಮ್ಮನಿದಾರೆ?" ಅಂದಳು ಪೊಲೀಸಕ್ಕ.

"ಶಿಸ್ತು," ಅಂದ ಬಿಳಿ ಷರ್ಟು.

"ಕೂದಲು?"

"ಹೇನಾಗುತ್ತಮ್ಮಾ. ಬಾಚೋರು ಯಾರು ಇಷ್ಟು ಜನಕ್ಕೆ?"

ಡ್ರೈವರಪ್ಪನ ಕೈ ತಾನಾಗಿ ಮಗಳ ಜಡೆಗೆ ಹೋಯಿತು. ಆದರೂ ಅವನು, "ಕೂದಲು ತಾನೆ, ಬೆಳೆಯುತ್ತೆ ಬಿಡು," ಅಂದ. ಯಾರಿಗೆ ಹೇಳಿದನೋ.

ಅಷ್ಟರಲ್ಲಿ ಪುಟ್ಟಿ ಜೇಬಿನಿಂದ ತನ್ನ ಬಟ್ಟೆ ತೆಗೆದು ಖಾಲಿ ಬೆಂಚು ಒರೆಸಲು ಶುರು ಮಾಡಿದ್ದಳು. ಬಿಳಿ ಷರ್ಟಿನ ಕಣ್ಣು ಅರಳಿತು. "ಅರೆ, ಕೆಲಸ ಬರುತ್ತೆ! ಇದು ಹೇಳಲೇ ಇಲ್ವಲ್ಲ ನೀವು. ಇಂಥೋರು ಒಬ್ಬರು ಸಿಕ್ಕಿದ್ರೆ ನಮಗೂ ಆಯಾಗಳ ಕೆಲಸ ಅರ್ಧ ಕಮ್ಮಿ." ಮೇಜಿನ ಮೇಲೆ ಕಾಗದ ಇಟ್ಟ. ಪೆನ್ನು ಇಟ್ಟ. "ಇಲ್ಲಿ ಅಪ್ಪ. ಇಲ್ಲಿ ಅಮ್ಮ."

ಡ್ರೈವರಪ್ಪ ಸಹಿ ಹಾಕಿದ. ನಡುಗುವ ಕೈಯಲ್ಲಿ, ನಿಧಾನವಾಗಿ. ಪೆನ್ನು ಹೆಂಡತಿಯ ಕಡೆ ತಳ್ಳಿದ. ಅವಳು ಹಿಡಿದಳು. ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಇದೊಂದೇ ಜಾಗ. ಇದು ಬಿಟ್ಟರೆ ಇನ್ನಿಲ್ಲ. ಹಾಕಿಬಿಡು. ಬೋಳು ತಲೆಯಾದರೂ ತಲೆಯ ಮೇಲೆ ಸೂರಿರುತ್ತೆ.

ಆಗ ಸದ್ದು ಬಂತು.

ಓಣಿಯ ಕೊನೆಯಿಂದ. ಮರದ ಬಾಗಿಲಿಗೆ, ಒಳಗಡೆಯಿಂದ. ಎರಡು ಸಲ.

ಬೆಂಚಿನ ಮೇಲಿದ್ದವರು ಯಾರೂ ತಲೆ ಎತ್ತಲಿಲ್ಲ. ಅವರಿಗೆ ಅಭ್ಯಾಸವಾಗಿತ್ತು. ಆಯಾ ಒಬ್ಬಳು ಉಗುರು ಕಚ್ಚುತ್ತಾ ನಿಂತಿದ್ದಳು, ಹಾಗೇ ನಿಂತಿದ್ದಳು. ತಲೆ ಎತ್ತಿದವಳು ಪುಟ್ಟಿ ಒಬ್ಬಳೇ. ಒರೆಸುವುದು ನಿಲ್ಲಿಸಿ, ಬಟ್ಟೆ ಮಡಚಿ, ಜೇಬಿಗಿಟ್ಟು ಓಣಿಯ ಕಡೆ ನಡೆದಳು. ಕೊನೆಯ ಬಾಗಿಲ ಮುಂದೆ ನಿಂತಳು. ಬೆರಳ ಗೆಣ್ಣಿನಿಂದ ಬಡಿದಳು. ಎರಡು ಸಲ.

ಮುಗೀತಾ?

ಒಳಗೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಎರಡು ಸಲ. ಮತ್ತೆ ಎರಡು. ಮತ್ತೆ, ಮತ್ತೆ, ಎರಡೂ ಕೈಯಲ್ಲಿ. ಎಷ್ಟು ಕಾಲದಿಂದಲೋ ಹೊರಗಿನಿಂದ ಉತ್ತರವೇ ಬಾರದ ಬಾಗಿಲಿಗೆ ಉತ್ತರ ಬಂದಿತ್ತು.

ಪುಟ್ಟಿ ಸರಿದು ನಿಂತಳು, ಇಳಿಯುವವರಿಗೆ ದಾರಿ ಬಿಟ್ಟ ಹಾಗೆ. ಬಾಗಿಲು ತೆರೆಯಲಿಲ್ಲ. ಅವಳಿಗೆ ಅರ್ಥವಾಗಲಿಲ್ಲ. ಎರಡು ಬಂದ ಮೇಲೆ ಬಾಗಿಲು ತೆರೆಯಬೇಕು. ಅವಳ ಲೋಕದಲ್ಲಿ ಹಾಗಾಗದೆ ಇದ್ದದ್ದೇ ಇಲ್ಲ.

"ಕರ್ಕೊಳ್ಳಿ ನಿಮ್ಮ ಮಗಳನ್ನ," ಅಂದ ಬಿಳಿ ಷರ್ಟು. ನಗು ಇನ್ನೂ ಇತ್ತು, ಕಣ್ಣಿನಲ್ಲಿ ಇರಲಿಲ್ಲ. "ಆ ಕೋಣೆ ಕಡೆ ಬೇಡ. ಅಲ್ಲಿರೋದು ಸ್ವಲ್ಪ ತೊಂದರೆ ಕೇಸು."

"ಪುಟ್ಟೀ, ಬಾಮ್ಮಾ ಇಲ್ಲಿ," ಅಂತ ಡ್ರೈವರಪ್ಪ ಕರೆದ.

"ಬೇಡ," ಅಂದಳು ಪುಟ್ಟಿ.

ಆಯಾ ಹೋಗಿ ಕೈ ಹಿಡಿದಳು. ಇನ್ನೊಬ್ಬಳು ಬಂದು ಜಡೆ ಹಿಡಿದಳು. ಪುಟ್ಟಿ ಬಾಗಿಲ ಮುಂದೆ ಕುಕ್ಕರಿಸಿ ಕೂತುಬಿಟ್ಟಳು. ಅವಳು ಕೂತರೆ ಬಸ್ಸು ಕೆಟ್ಟು ನಿಂತ ಹಾಗೇ, ತಳ್ಳಿದರೆ ಹೋಗುವಂಥದ್ದಲ್ಲ.

"ಎಳ್ಕೊಂಡು ಬನ್ರೇ ಅದನ್ನ!" ಬಿಳಿ ಷರ್ಟಿನ ಬಾಯಿಂದ ಬೆಲ್ಲ ಪೂರ್ತಿ ಕರಗಿತ್ತು.

ಪುಟ್ಟಿ ಕಿರುಚಲಿಲ್ಲ. ಜಡೆ ಎಳೆಯುತ್ತಿದ್ದರೆ ಕುತ್ತಿಗೆ ಹಿಂದಕ್ಕೆ ವಾಲಿ, ಮುಖ ಮೇಲಾಗಿ, ಅಮ್ಮನನ್ನೇ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ. ಬರೀ ಆಶ್ಚರ್ಯ ಇತ್ತು. ತನ್ನ ಕೆಲಸ ತಾನು ಮಾಡಿಯಾಗಿದೆ. ಇನ್ನು ಅಮ್ಮನದು. ಅಮ್ಮ ಯಾಕೆ ಸುಮ್ಮನೆ ನಿಂತಿದ್ದಾಳೆ?

"ಅಮ್ಮಾ," ಅಂದಳು. "ತೆಗಿ."

ಪೊಲೀಸಕ್ಕ ಪೆನ್ನು ಕೆಳಗಿಟ್ಟಳು. ಓಣಿಗೆ ಬಂದಳು. ನೆಲ ವಾಲುತ್ತಿತ್ತು. ಗೋಡೆ ಹಿಡಿದುಕೊಂಡೇ ಬಂದಳು. ಚಿಲಕ ಎಲ್ಲಿದೆ ಅಂತ ಅವತ್ತು ಕೇಳಿದ್ದಳಲ್ಲ, ಈಗ ಕಂಡಿತು. ಹೊರಗಡೆ ಇತ್ತು. ಮೊಣಕೈ ಉದ್ದದ ಕಬ್ಬಿಣದ ಚಿಲಕ.

"ಬಿಡ್ರೇ ಜಡೆ," ಅಂದಳು ಆಯಾಗೆ. ಆಯಾ ಬಿಡಲಿಲ್ಲ. ಬಸ್ಸು ತಿಕ್ಕಿ ಒಡೆದ ಆ ಕೈ ಆಯಾಳ ಮಣಿಕಟ್ಟು ಹಿಡಿದು ತಿರುಚಿತು. ಬಿಟ್ಟಳು.

"ಯೋಚನೆ ಮಾಡಿ ಅಮ್ಮಾ," ಬಿಳಿ ಷರ್ಟು ಅಡ್ಡ ಬಂದು ನಿಂತ. "ನಿಮ್ಮ ಮಗಳ ಬಾಳಿಗೆ ನೀವೇ ಕಲ್ಲು ಹಾಕ್ತಿದೀರ. ಆ ಬಾಗಿಲು ತೆಗೆದ್ರೆ ಈ ಬಾಗಿಲು ಮುಚ್ತು ಅಂದ್ಕೊಳ್ಳಿ. ಇಲ್ಲಷ್ಟೇ ಅಲ್ಲ, ಎಲ್ಲೂ ಸೇರಿಸದ ಹಾಗೆ ಮಾಡ್ತೀನಿ. ನಾಳೆ ನೀವು ಸತ್ರೆ ಇದು ಬೀದೀಲಿ ಬಿದ್ದಿರುತ್ತೆ. ಯಾರು ನೋಡ್ತಾರೆ?"

ಅವಳೊಳಗೆ ದಿನಾ ಕುದಿಯುತ್ತಿದ್ದ ಪ್ರಶ್ನೆಯೇ ಅದು. ಅದನ್ನೇ ಎತ್ತಿ ಅವಳ ಮುಖಕ್ಕೆ ಎರಚಿದ್ದ. ಒಂದು ಗಳಿಗೆ ಅವಳ ಕೈ ನಿಂತಿತು.

ಆಗ ಹಿಂದಿನಿಂದ ಡ್ರೈವರಪ್ಪನ ದನಿ. ಮಂಡಿ ಎಳೆಯುತ್ತಾ ಬಂದಿದ್ದ. ಮಗಳ ಕೆದರಿದ ಜಡೆ ನೋಡುತ್ತಿದ್ದ.

"ಸ್ವಾಮೀ, ನಾನು ಬಸ್ಸು ಓಡಿಸಿದೋನು. ಒಳಗಿಂದ ಬಡಿದ್ರೆ ನಿಲ್ಲಿಸಬೇಕು, ಇಳಿಸಬೇಕು. ಕುಡುಕ ಬಡಿದ್ರೂ ಸರಿ, ಹುಚ್ಚ ಬಡಿದ್ರೂ ಸರಿ. ಯಾಕೆ ಬಡಿದೆ ಅಂತ ಆಮೇಲೆ ಕೇಳ್ಬೇಕು. ಮೊದಲು ಬಾಗಿಲು." ಹೆಂಡತಿಯ ಕಡೆ ತಿರುಗಿದ. "ತೆಗಿಯೇ."

ಪೊಲೀಸಕ್ಕ ಬಿಳಿ ಷರ್ಟನ್ನು ಭುಜದಿಂದ ತಳ್ಳಿದಳು. ಒದ್ದೆ ಬ್ರಷ್ಷು ಎತ್ತಿ ಎತ್ತಿ ಇಳಿದುಹೋಗಿದ್ದ ಅದೇ ಭುಜ. ಚಿಲಕ ಎಳೆದಳು. ತುಕ್ಕು ಹಿಡಿದಿರಲಿಲ್ಲ. ದಿನಾ ಬಳಸುವ ಚಿಲಕ ಸಲೀಸಾಗಿ ಸರಿಯಿತು.

ಒಳಗಿಂದ ಬಂದವಳು ಒಬ್ಬ ವಯಸ್ಸಾದ ಹೆಂಗಸು. ಬೋಳು ತಲೆ, ಮಂಡಿವರೆಗೆ ಅಂಗಿ, ಬರಿಗಾಲು. ಕೋಣೆಯ ನಾತ ಅವಳಿಗಿಂತ ಮೊದಲು ಹೊರಗೆ ಬಂತು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಪುಟ್ಟಿಯನ್ನು ದಾಟಿ, ಬಿಳಿ ಷರ್ಟನ್ನು ದಾಟಿ, ಬೆಂಚುಗಳನ್ನು ದಾಟಿ, ನೇರ ಅಂಗಳಕ್ಕೆ ಹೋದಳು. ಅಲ್ಲೊಂದು ನಲ್ಲಿ ಇತ್ತು. ತಿರುಗಿಸಿ, ಬಾಯಿ ಒಡ್ಡಿದಳು.

ಕುಡಿದಳು. ಕುಡಿದಳು. ಉಸಿರು ತೆಗೆದುಕೊಂಡು ಮತ್ತೆ ಕುಡಿದಳು. ಗಂಟಲಿನ ಸದ್ದು ಹಜಾರದವರೆಗೂ ಕೇಳುತ್ತಿತ್ತು.

"ನೀರು ಕೊಡಲ್ವಾ ಇವಳಿಗೆ?" ಅಂದಳು ಪೊಲೀಸಕ್ಕ.

"ಹಾಸಿಗೆ ಒದ್ದೆ ಮಾಡ್ಕೊತಾಳೆ," ಅಂದುಬಿಟ್ಟಳು ಆಯಾ, ಅದು ತೀರ ಸಹಜ ಅನ್ನುವ ಹಾಗೆ. "ಒಗೆಯೋರು ಯಾರು? ಅದಕ್ಕೇ ಅಳತೆ ನೀರು."

ಹಜಾರದಲ್ಲಿ ಕೂತಿದ್ದ ಮುದುಕ ಎದ್ದು ನಿಂತಿದ್ದ. ತೋಳು ಹಿಡಿದ ಮಗನ ಕೈ ಮೇಲೆ ತನ್ನ ಕೈ ಇಟ್ಟುಕೊಂಡು, "ಇನ್ನೆಷ್ಟು ಬಾಗಿಲು ಇವೆ ಆ ಓಣೀಲಿ?" ಅಂತ ಕೇಳಿದ. ದನಿ ತೆಳ್ಳಗಿತ್ತು. ಆದರೆ ಕೇಳಿದ. "ಎಲ್ಲದಕ್ಕೂ ಚಿಲಕ ಹೊರಗೇನಾ?"

ಪುಟ್ಟಿ ಅಷ್ಟರಲ್ಲಿ ಅಂಗಳಕ್ಕಿಳಿದು, ನೀರು ಕುಡಿಯುವವಳ ಪಕ್ಕ ನಿಂತಿದ್ದಳು. ಜೇಬಿನಿಂದ ಬಟ್ಟೆ ತೆಗೆದು, ಅವಳ ಗದ್ದ ಒರೆಸಿದಳು.

ಅವರು ವಾಪಸ್ಸು ಬರುವಾಗ ಗೇಟಿನವರೆಗೂ ಸದ್ದು ಬರುತ್ತಿತ್ತು. ಆ ಹೆಂಗಸನ್ನು ಮತ್ತೆ ಒಳಗೆ ಹಾಕಿದ್ದರು. ಎರಡು, ಎರಡು, ಎರಡು. ಪುಟ್ಟಿ ತಿರುಗಿ ತಿರುಗಿ ನಿಲ್ಲುತ್ತಿದ್ದಳು. ಅವಳನ್ನು ಅಲ್ಲಿಂದ ಕರೆದುಕೊಂಡು ಬರಲು ಇಬ್ಬರಿಗೂ ಜೀವ ಬಾಯಿಗೆ ಬಂತು. ಸುಳ್ಳು ಹೇಳಬೇಕಾಯಿತು. "ಮತ್ತೆ ಬರ್ತೀವಿ, ತೆಗಿತೀವಿ" ಅಂದಳು ಪೊಲೀಸಕ್ಕ. ಅಂದ ಮೇಲೆ, ಹೇಳಿದ್ದು ಸುಳ್ಳಾಗಬಾರದು ಅನ್ನಿಸಿತು.

ಅದಕ್ಕೇ ಕಚೇರಿಗೆ ಹೋದರು. ಇಂಥ ಹೋಮ್‌ಗಳನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿ. ಮುದುಕನೂ ಮಗನ ಗಾಲಿಕುರ್ಚಿ ತಳ್ಳಿಕೊಂಡು ಬಂದ. "ಅದು ಒಳ್ಳೇ ಸಂಸ್ಥೆ, ದೊಡ್ಡವರೆಲ್ಲ ಹೋಗಿ ನೋಡಿದಾರೆ," ಅಂದ ಅಲ್ಲಿಯ ಅಧಿಕಾರಿ. "ದೊಡ್ಡವರು ಹಜಾರ ನೋಡಿದಾರೆ. ನಾವು ಓಣಿ ನೋಡಿದೀವಿ," ಅಂದಳು ಪೊಲೀಸಕ್ಕ. ನಾಳೆ ಬನ್ನಿ ಅಂದ. ನಾಳೆ ಹೋದರು. ಮುಂದಿನ ವಾರ ಬನ್ನಿ ಅಂದ. ಹೋದರು. ಒಂದು ದಿನ ಅವನು ಒಳಗೆ ಕೂತು ಬಾಗಿಲು ಹಾಕಿಸಿಬಿಟ್ಟ. ಪುಟ್ಟಿ ಹೋಗಿ ಆ ಬಾಗಿಲಿಗೆ ಎರಡು ಸಲ ಬಡಿದು, ಕಿವಿಯಿಟ್ಟು ಕಾದಳು. ಏನೂ ಬರಲಿಲ್ಲ. ಮತ್ತೆ ಎರಡು ಸಲ ಬಡಿದಳು. ಇಡೀ ಮಧ್ಯಾಹ್ನ ಬಡಿದಳು. ಸಾಲಿನಲ್ಲಿ ನಿಂತವರೆಲ್ಲ ಏನಮ್ಮಾ ಅದು, ಏನು ವಿಷಯ ಅಂತ ಕೇಳತೊಡಗಿದರು. ಮುದುಕ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿದ. ಆ ಕೆಲಸ ಇನ್ನೂ ಮುಗಿದಿಲ್ಲ.

ಇತ್ತ ಇನ್ನೊಂದು ಕೆಲಸ ಇತ್ತು. ಪೊಲೀಸಕ್ಕ ಅದನ್ನು ಬಹಳ ದಿನ ಮುಂದಕ್ಕೆ ಹಾಕಿದಳು. ಗುಂಯ್ ಅನ್ನುವುದು ಎರಡೂ ಕಿವಿಗೆ ಹಬ್ಬಿದ ಮೇಲೆ ಇನ್ನು ಮುಂದಕ್ಕೆ ಹಾಕಲಾಗಲಿಲ್ಲ.

"ಏ ರೇಡಿಯೋ, ಬಾ ಇಲ್ಲಿ."

"ಏನಕ್ಕಾ? ನಾನೇನು ಕದ್ದಿಲ್ಲಪ್ಪಾ," ಅಂದಳು ರೇಡಿಯೋ, ಬೂಟಿನ ನೀರು ಚೆಲ್ಲುತ್ತಾ.

"ಅವತ್ತು ಯಾಕೆ ಕೂತಿದ್ದೆ ಮೆಟ್ಟಿಲ ಮೇಲೆ?"

"ಅಯ್ಯೋ, ಈಗ ತನಿಖೆನಾ? ಇನ್ನೊಂದು ಸಲ ಪೈಪು ತಂದ್ರೆ ನನ್ನ ದಾಟಿ ಬರಲಿ ಅಂತ ಕೂತಿದ್ದೆ. ನೀನೋ, ಬಂದವಳೇ ಹೋಗು ಅಂದೆ. ಹೋದೆ."

ಪೊಲೀಸಕ್ಕ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ನಂಬಿಕೆ ಬಂತು ಅಂತಲ್ಲ. ಅನುಮಾನ ಇದ್ದೇ ಇತ್ತು. ನಾಳೆ ಇವಳೇ ಕೈಕೊಟ್ಟರೆ? ಇವಳಿಗೂ ವಯಸ್ಸಾದರೆ? ಇವಳೊಬ್ಬಳಿಗೆ ಹೇಳಿದರೆ ಸಾಲದು, ಶೆಡ್ಡಿನವರೆಲ್ಲರಿಗೂ ಹೇಳಬೇಕು. ಒಬ್ಬಳ ಕೈಲಿದ್ದರೆ ಬೀಗ. ಹತ್ತು ಜನಕ್ಕೆ ಗೊತ್ತಿದ್ದರೆ ಬಾಗಿಲು. ಅನುಮಾನವನ್ನು ಕಂಕುಳಲ್ಲಿಟ್ಟುಕೊಂಡೇ ತನ್ನ ಬ್ರಷ್ಷನ್ನು ರೇಡಿಯೋ ಕೈಗೆ ಕೊಟ್ಟಳು.

"ಕೊನೇ ಸೀಟಿನ ಕಿಟಕಿ ಕೆಳಗೆ. ಕೋಲಿನ ತುದೀಲಿ. ಎರಡು ಸಲ."

"ಥೂ! ಇಷ್ಟು ವರ್ಷ ನೀರು ಕೊಡವ್ತಿದಾಳೆ ಅಂದ್ಕೊಂಡಿದ್ನಲ್ಲಕ್ಕಾ ನಾನು!"

"ಬಾಯಿ ಮುಚ್ಕೊಂಡು ಬಡಿ."

ರೇಡಿಯೋ ಬಡಿದಳು. ಎರಡು ಸಲ.

ಮುಚ್ಚಿದ ಬಸ್ಸು ಸುಮ್ಮನಿತ್ತು. ಗಾಜಿನ ಮೇಲಿಂದ ಸೋಪಿನ ನೊರೆ ನಿಧಾನವಾಗಿ ಇಳಿಯುತ್ತಿತ್ತು. ಬೇರೆ ಕೈ ಅಂತ ಒಳಗಿನವಳಿಗೆ ಗೊತ್ತಾಗಿತ್ತೋ ಏನೋ. ಪೊಲೀಸಕ್ಕನ ಕೈ ತಾನಾಗಿ ತಗಡಿನ ಕಡೆ ಏಳುತ್ತಿತ್ತು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.

ಒಳಗಿಂದ ಸದ್ದು ಬಂತು. ಒಂದೇ ಒಂದು ಸಲ.

"ಒಂದು ಅಂದ್ರೆ ಏನಕ್ಕಾ?" ಅಂತ ರೇಡಿಯೋ ಪಿಸುಗುಟ್ಟಿದಳು.

"ಇನ್ನೂ ಮುಗಿದಿಲ್ಲ ಅಂತ. ಕಾಯ್ಬೇಕು."

"ಎಷ್ಟೊತ್ತು?"

"ಅವಳು ಹೇಳೋವರೆಗೂ."